ಸ್ಕೆಚ್ಚಿನ ಹೆಂಗಸಿನ ಕೈ ಎಲ್ಲಿದೆ?

ಹಳೆಯ ಫ್ಯಾಶನ್ ಸ್ಕೆಚ್ ಕಣ್ಣಿಗೆ ಬಿದ್ದರೆ ನಾನು ಮೊದಲು ನೋಡೋದು ಕೈಯನ್ನು. ಬಟ್ಟೆಯನ್ನು ಆಮೇಲೆ ನೋಡಬಹುದು. 1940–50ರ ದಶಕದ ಸ್ಕೆಚ್ಚುಗಳಲ್ಲಿ ಹೆಂಗಸಿನ ಒಂದು ಕೈ ಸಾಮಾನ್ಯವಾಗಿ ಸೊಂಟದ ಮೇಲಿರುತ್ತೆ, ಇನ್ನೊಂದು ಗಾಳಿಯಲ್ಲಿ. ಇಲ್ಲದಿದ್ದರೆ ಉದ್ದನೆಯ ಗ್ಲೌಸಿನೊಳಗೆ, ಇಲ್ಲದಿದ್ದರೆ ಪುಟ್ಟ ಪರ್ಸಿನ ಹಿಡಿಯಲ್ಲಿ. ಒಟ್ಟಿನಲ್ಲಿ ಆ ಕೈಗೆ ಕೆಲಸವಿಲ್ಲ. ಬಸ್ಸಿನ ಕಂಬಿ ಹಿಡಿಯಬೇಕಿಲ್ಲ, ಬೀಗದಕೈ ಹುಡುಕಬೇಕಿಲ್ಲ, ಚಿಲ್ಲರೆ ಎಣಿಸಬೇಕಿಲ್ಲ. ಆ ಬಟ್ಟೆ ತೊಡುವವಳ ದಿನ ಹೇಗಿರುತ್ತೆ ಅಂತ ಡಿಸೈನರ್ ಅಂದುಕೊಂಡಿದ್ದಾರೆ ಅನ್ನೋದು ಆ ಕೈಯಲ್ಲೇ ಗೊತ್ತಾಗಿಬಿಡುತ್ತೆ.

ಸ್ಕೆಚ್ ಅನ್ನೋದೇ ಒಂದು ಒಪ್ಪಿತ ಸುಳ್ಳು. ನಮ್ಮ ನಿಮ್ಮ ಮೈಯನ್ನು ತಲೆಯ ಅಳತೆಯಲ್ಲಿ ಎಣಿಸಿದರೆ ಸುಮಾರು ಏಳೂವರೆ ತಲೆ ಉದ್ದ ಇರುತ್ತೆ. ಫ್ಯಾಶನ್ ಶಾಲೆಗಳಲ್ಲಿ ಕಲಿಸುವ ಆಕೃತಿ ಒಂಬತ್ತು ತಲೆಯದ್ದು. ಹೆಚ್ಚಿಗೆ ಸೇರಿದ ಒಂದೂವರೆ ತಲೆಯಲ್ಲಿ ಬಹುಪಾಲು ಹೋಗೋದು ಕಾಲಿಗೆ. ಇದನ್ನು ಎಲ್ಲರೂ ಮಾಡುತ್ತಾರೆ, ಅದರಲ್ಲಿ ಜಗಳ ಆಡುವಂಥದ್ದೇನಿಲ್ಲ. ಆದರೆ ಉದ್ದ ಎಳೆದ ಮೇಲೆ ಆ ಮೈ ಏನು ಮಾಡುತ್ತಿದೆ, ಅಷ್ಟು ಚೆಂದದ ಬಟ್ಟೆಯೊಳಗೆ ಅದು ಹೊಕ್ಕಿದ್ದು ಹೇಗೆ, ಹೊರಗೆ ಬರೋದು ಹೇಗೆ? ಈ ಪ್ರಶ್ನೆಗಳಿಗೆ ಒಬ್ಬೊಬ್ಬರ ಗೆರೆ ಒಂದೊಂದು ಉತ್ತರ ಕೊಡುತ್ತೆ. ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಇಬ್ಬರೂ ಹುಟ್ಟಿದ್ದು 1905ರಲ್ಲಿ. ಕ್ರಿಸ್ಟಿಯನ್ ಡಿಯೋರ್ ಜನವರಿಯಲ್ಲಿ, ಫ್ರಾನ್ಸಿನ ಸಮುದ್ರ ತೀರದ ಗ್ರಾನ್‌ವಿಲ್ ಊರಿನಲ್ಲಿ. ಕ್ಲೇರ್ ಮೆಕಾರ್ಡೆಲ್ ಮೇ ತಿಂಗಳಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಊರಿನಲ್ಲಿ. ಆತ ತೀರಿಕೊಂಡಿದ್ದು 1957ರ ಅಕ್ಟೋಬರಿನಲ್ಲಿ, ಆಕೆ 1958ರ ಮಾರ್ಚಿನಲ್ಲಿ. ಇಬ್ಬರಿಗೂ ಆಗ 52 ವರ್ಷ. ಒಬ್ಬರ ಹೆಸರು ಇವತ್ತಿಗೂ ಡ್ಯೂಟಿ ಫ್ರೀ ಅಂಗಡಿಗಳ ಸೆಂಟಿನ ಬಾಟಲಿ ಮೇಲಿದೆ. ಇನ್ನೊಬ್ಬರ ಹೆಸರು ಫ್ಯಾಶನ್ ಓದಿದವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ.

ಡಿಯೋರ್‌ಗೆ ಸ್ಕೆಚ್ ಅನ್ನದ ದಾರಿಯೂ ಆಗಿತ್ತು. ಅಪ್ಪನ ವ್ಯಾಪಾರ ಮುಳುಗಿದ ಮೇಲೆ, 1930ರ ದಶಕದಲ್ಲಿ, ಆತ ಟೋಪಿ ಮತ್ತು ಉಡುಪಿನ ಸ್ಕೆಚ್ ಬಿಡಿಸಿ ಪ್ಯಾರಿಸ್ಸಿನ ಬಟ್ಟೆ ಮನೆಗಳಿಗೆ ಮಾರಿ ಜೀವನ ಮಾಡುತ್ತಿದ್ದ. ಸ್ವಂತ ಮನೆ ಕಟ್ಟಿದ ಮೇಲೂ ಪದ್ಧತಿ ಬಿಡಲಿಲ್ಲ. ಹೊಸ ಸೀಸನ್ ಹತ್ತಿರ ಬಂದಾಗ ಹಳ್ಳಿಯ ಮನೆಗೆ ಹೋಗಿ ಸಿಕ್ಕ ಸಿಕ್ಕ ಕಾಗದದ ಮೇಲೆ ನೂರಾರು ಚಿಕ್ಕ ಚಿಕ್ಕ ಚಿತ್ರ ಗೀಚುತ್ತಿದ್ದ. ಅವನ್ನು ಪ್ಯಾರಿಸ್ಸಿಗೆ ತಂದು ಮಾರ್ಗರೀಟ್ ಕಾರೆ ಎಂಬ ತಾಂತ್ರಿಕ ಮುಖ್ಯಸ್ಥೆಯ ಕೈಗೆ ಕೊಡುತ್ತಿದ್ದ. ಆಕೆ ಮತ್ತು ವರ್ಕ್‌ಶಾಪಿನ ಹಿರಿಯ ಹೆಂಗಸರು ಆ ಗೀಚುಗಳನ್ನು ಮೊದಲು ಸಾದಾ ಕಾಟನ್ನಿನಲ್ಲಿ ಹೊಲಿದು, ಆಮೇಲೆ ನಿಜವಾದ ಬಟ್ಟೆಗೆ ಇಳಿಸುತ್ತಿದ್ದರು.

ಆ ಗೀಚು ಏನು ಹೇಳುತ್ತಿತ್ತು? ದೂರದಿಂದ ನೋಡಿದರೆ ಆ ಹೆಂಗಸು ಹೇಗೆ ಕಾಣಬೇಕು ಅನ್ನೋದನ್ನು. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ 30, ಅವೆನ್ಯೂ ಮೊಂಟೇನ್‌ನಲ್ಲಿ ಪ್ರದರ್ಶನಗೊಂಡ, ಜಗತ್ತು ಆಮೇಲೆ ‘ನ್ಯೂ ಲುಕ್’ ಅಂತ ಕರೆದ ಸಂಗ್ರಹವನ್ನೇ ತಗೊಳ್ಳಿ. ಅದರಲ್ಲಿ ಎಲ್ಲರಿಗೂ ನೆನಪಿರೋದು ‘ಬಾರ್’ ಸೂಟ್. ತಿಳಿ ಬಣ್ಣದ ರೇಷ್ಮೆಯ ಜಾಕೆಟ್, ಕೆಳಗೆ ಕಪ್ಪು ಉಣ್ಣೆಯ ನೆರಿಗೆ ಸ್ಕರ್ಟ್. ಸೊಂಟ ಹಿಡಿಯಷ್ಟು, ಅದರ ಕೆಳಗೆ ಜಾಕೆಟ್ಟು ಒಳಗೆ ಪ್ಯಾಡ್ ಇಟ್ಟುಕೊಂಡು ಹೂವಿನ ದಳದ ಹಾಗೆ ಹೊರಕ್ಕೆ ಅರಳುತ್ತೆ. ಕಾಗದದ ಮೇಲೆ ಇದು ನಾಲ್ಕೈದು ಗೆರೆಯ ಮಾತು. ಮೈಮೇಲೆ ಬರಬೇಕಾದರೆ ಒಳಗೆ ಸೊಂಟ ಬಿಗಿಯುವ ಕಾರ್ಸೆಟ್ ಬೇಕು, ಸ್ಕರ್ಟನ್ನು ಎತ್ತಿ ನಿಲ್ಲಿಸುವ ಒಳಪದರ ಬೇಕು, ಇವೆಲ್ಲ ಹಾಕಿಕೊಳ್ಳುವಾಗ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಳ್ಳೇದು. ಆ ಇನ್ನೊಬ್ಬರು ಸ್ಕೆಚ್ಚಿನಲ್ಲಿ ಇರಲ್ಲ.

ಡಿಯೋರ್ ತನ್ನ ಸಂಗ್ರಹಗಳಿಗೆ ಇಟ್ಟ ಹೆಸರುಗಳೂ ಇದನ್ನೇ ಹೇಳುತ್ತವೆ. 1947ರಲ್ಲಿ ಹೂವಿನ ದಳಗಳ ಸುತ್ತು ಅನ್ನುವ ಅರ್ಥದ ‘ಕೊರೋಲ್’, ಜೊತೆಗೆ ‘8’. ಆಮೇಲೆ 1954ರಲ್ಲಿ ‘ಎಚ್’, 1955ರಲ್ಲಿ ‘ಎ’, ಅದೇ ವರ್ಷದ ಕೊನೆಗೆ ‘ವೈ’. ಹೆಣ್ಣಿನ ಮೈ ಒಂದು ಅಂಕಿ ಅಥವಾ ಅಕ್ಷರ, ಆರು ತಿಂಗಳಿಗೊಮ್ಮೆ ಅದನ್ನು ಬದಲಾಯಿಸಿ ಬರೀಬಹುದು. ಅಕ್ಷರ ಓದೋಕೆ ದೂರ ಬೇಕು, ಕೋಣೆಯ ಆ ಕಡೆ ನಿಂತ ಇನ್ನೊಬ್ಬರ ಕಣ್ಣು ಬೇಕು. ಬಟ್ಟೆಯೊಳಗೆ ಇರುವವಳಿಗೆ ತಾನು ‘ಎ’ನೋ ‘ಎಚ್ಚೋ’ ಅಂತ ಕನ್ನಡಿ ಇಲ್ಲದೆ ಗೊತ್ತಾಗಲ್ಲ. ಗೊತ್ತಾಗೋದು ಎಲ್ಲಿ ಬಿಗಿ, ಎಲ್ಲಿ ಚುಚ್ಚುತ್ತೆ ಅನ್ನೋದು ಮಾತ್ರ.

ಹಾಗಂತ ಡಿಯೋರ್‌ನ ಗೆರೆ ಚೆಂದ ಇಲ್ಲ ಅನ್ನೋಕಾಗಲ್ಲ. ಯುದ್ಧದ ವರ್ಷಗಳಲ್ಲಿ ರೇಷನ್ನಿನ ಬಟ್ಟೆ, ಚೌಕ ಭುಜದ ಕೋಟು, ತೇಪೆ ಹಾಕಿದ ಸ್ಕರ್ಟು ಉಟ್ಟು ಬೇಸತ್ತ ಹೆಂಗಸರಿಗೆ ಗಜಗಟ್ಟಲೆ ಬಟ್ಟೆ ಸುತ್ತ ಸುಳಿಯುವುದು ಒಂದು ಸುಖವೇ ಆಗಿತ್ತು. ಮದುವೆ ಮನೆಗೆ ಭಾರದ ಕಾಂಚಿಪುರಂ ಸೀರೆ ಉಟ್ಟು, ಉಸಿರು ಬಿಗಿಹಿಡಿದು ಫೋಟೋಗೆ ನಿಲ್ಲುವ ನಮಗೆ ಆ ಸುಖ ಅರ್ಥವಾಗದ್ದೇನಲ್ಲ. ಸೋಮವಾರ ಬೆಳಿಗ್ಗೆಗೂ ಅದೇ ಗೆರೆ ಬಂದಾಗ ಕಷ್ಟ ಶುರುವಾಗುತ್ತೆ.

ಈಗ ಮೆಕಾರ್ಡೆಲ್. ಆಕೆ ಓದಿದ್ದು ಮುಂದೆ ಪಾರ್ಸನ್ಸ್ ಅಂತ ಹೆಸರಾದ ನ್ಯೂಯಾರ್ಕಿನ ಶಾಲೆಯಲ್ಲಿ. ಅದರಲ್ಲಿ ಒಂದು ವರ್ಷ ಪ್ಯಾರಿಸ್ಸಿನಲ್ಲಿ. ಅಲ್ಲಿ ಈ ಹುಡುಗಿ ಮತ್ತು ಗೆಳತಿಯರು ಮಾಡೆಲ್‌ಗಳು ತೊಟ್ಟುಬಿಟ್ಟ ಮಡ್ಲೆನ್ ವಿಯೊನೆಯ ಉಡುಪುಗಳನ್ನು ಕಡಿಮೆ ಬೆಲೆಗೆ ಕೊಂಡು, ಹೊಲಿಗೆ ಬಿಚ್ಚಿ, ಒಳಗೆ ಹೇಗಿದೆ ಅಂತ ನೋಡುತ್ತಿದ್ದರು. ರೇಡಿಯೋ ಬಿಚ್ಚಿ ಜೋಡಿಸುವ ಹುಡುಗರ ಹಾಗೆ. ನನಗೆ ಆಕೆಯ ಎಲ್ಲ ಕೆಲಸದ ಬೀಜ ಇಲ್ಲೇ ಕಾಣುತ್ತೆ. ಬಟ್ಟೆ ಅನ್ನೋದು ಆಕೆಗೆ ಕೊನೆವರೆಗೂ ಜೋಡಣೆಯ ವಿಷಯವಾಗೇ ಉಳಿಯಿತು: ಇದು ಎಲ್ಲಿ ತೆರೆಯುತ್ತೆ, ಎಲ್ಲಿ ಮುಚ್ಚುತ್ತೆ, ಯಾವ ದಾರ ಎಲ್ಲಿ ಎಳೆದರೆ ಏನಾಗುತ್ತೆ.

ಆಕೆಯ ಸ್ಕೆಚ್ಚುಗಳು ಪಾರ್ಸನ್ಸಿನ ಸಂಗ್ರಹದಲ್ಲಿವೆ. ಅವೂ ಡಿಯೋರ್‌ನ ಗೀಚಿನ ಹಾಗೆ ಅವಸರದ ಗೆರೆಗಳೇ. ಮುಖ ಇದ್ದೂ ಇಲ್ಲದ ಹಾಗೆ. ಪಕ್ಕದಲ್ಲಿ ಅಲ್ಲಲ್ಲಿ ಬಟ್ಟೆಯ ಚೂರು ಸಿಕ್ಕಿಸಿರುತ್ತೆ. ಗೋಡೆಗೆ ಹಾಕುವ ಚಿತ್ರಗಳಲ್ಲ ಅವು, ಹೊಲಿಯುವವರಿಗೆ ಕಳಿಸಿದ ಮೆಸೇಜುಗಳು. ವ್ಯತ್ಯಾಸ ಇರೋದು ಗೆರೆ ಎಲ್ಲಿ ಒತ್ತಿ ಬೀಳುತ್ತೆ ಅನ್ನೋದರಲ್ಲಿ. ಇಲ್ಲಿ ಮುಖ್ಯವಾಗೋದು ಸೊಂಟಕ್ಕೆ ಸುತ್ತಿ ಕಟ್ಟುವ ದಾರ, ಕೆಲಸದ ಬಟ್ಟೆಯಿಂದ ತಂದ ಹಿತ್ತಾಳೆಯ ಕೊಂಡಿ, ಪಕ್ಕದಲ್ಲಿ ಬರುವ ಜಿಪ್, ಜೀನ್ಸಿನಲ್ಲಿ ಇರುವಂಥ ಜೋಡಿ ಹೊಲಿಗೆ. ಮತ್ತೆ ಜೇಬು. ಹಗಲಿನ ಡ್ರೆಸ್ಸಿಗೂ ಜೇಬು, ಸಂಜೆಯ ಡ್ರೆಸ್ಸಿಗೂ ಜೇಬು. ಮೆಕಾರ್ಡೆಲ್ ಉಡುಪುಗಳ ಸ್ಕೆಚ್ಚು, ಫೋಟೋಗಳಲ್ಲಿ ಜೇಬಿನೊಳಗೆ ಆರಾಮಾಗಿ ಇಳಿದ ಕೈ ಮತ್ತೆ ಮತ್ತೆ ಸಿಗುತ್ತೆ. ಜೇಬಿನಲ್ಲಿ ಕೈ ಇಟ್ಟವಳ ನಿಲುವೇ ಬೇರೆ. ಭುಜ ಇಳಿಯುತ್ತೆ, ಬೆನ್ನು ಸಡಿಲವಾಗುತ್ತೆ. ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನೋದನ್ನು ಸ್ವಲ್ಪ ಹೊತ್ತು ಮರೆತ ಹಾಗೆ ಇರುತ್ತೆ.

ಹೆಸರುಗಳನ್ನೂ ಹೋಲಿಸಿ. 1938ರಲ್ಲಿ ಆಕೆಗೆ ಹೆಸರು ತಂದ ಡ್ರೆಸ್ ‘ಮೊನಾಸ್ಟಿಕ್’, ಅಂದರೆ ಸನ್ಯಾಸಿಯ ನಿಲುವಂಗಿಯಂಥದ್ದು. ಅದಕ್ಕೆ ಸೊಂಟವೇ ಇರಲಿಲ್ಲ. ಡೇರೆಯ ಹಾಗೆ ಇಳಿಬಿದ್ದ ಬಟ್ಟೆಗೆ ತೊಟ್ಟವಳು ತನಗೆ ಬೇಕಾದ ಕಡೆ ಬೆಲ್ಟ್ ಕಟ್ಟಿಕೊಳ್ಳಬೇಕು. ಸೊಂಟ ಎಲ್ಲಿದೆ ಅಂತ ತೀರ್ಮಾನಿಸುವ ಹಕ್ಕು ಡಿಸೈನರಿನದಲ್ಲ, ನಿನ್ನದು ಅಂದ ಹಾಗೆ. 1942ರಲ್ಲಿ ಬಂದಿದ್ದು ‘ಪಾಪೋವರ್’. ಹೆಸರೇ ಬಳಸುವ ವಿಧಾನ ಹೇಳುತ್ತೆ: ಮೇಲಿಂದ ಹಾಗೇ ತೊಟ್ಟುಕೋ, ಸುತ್ತು, ಕಟ್ಟು, ಹೋಗು. ಡಿಯೋರ್ ನೋಡುವವನ ಕಡೆಯಿಂದ ಹೆಸರಿಟ್ಟ. ಮೆಕಾರ್ಡೆಲ್ ತೊಡುವವಳ ಕಡೆಯಿಂದ ಇಟ್ಟಳು.

ಈ ಪಾಪೋವರ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕ ಯುದ್ಧಕ್ಕೆ ಇಳಿದಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸರು ಹೆಚ್ಚಿನ ಕೂಲಿ ಸಿಗುವ ಯುದ್ಧಸಾಮಗ್ರಿ ಕಾರ್ಖಾನೆಗಳಿಗೆ ಹೋದರು. ಆವರೆಗೆ ಅಡುಗೆ ಮನೆಗೆ ಕಾಲಿಡದಿದ್ದ ಅನುಕೂಲಸ್ಥ ಮನೆಗಳ ಹೆಂಗಸರು ಈಗ ತಾವೇ ಗುಡಿಸಿ, ಬೇಯಿಸಿ, ಬಂದ ನೆಂಟರ ಜೊತೆ ಕೂತು ಮಾತಾಡಬೇಕು. ಇವೆಲ್ಲಕ್ಕೂ ಒಂದೇ ಉಡುಪು ಮಾಡಿಕೊಡಿ ಅಂತ ‘ಹಾರ್ಪರ್ಸ್ ಬಜಾರ್’ ಪತ್ರಿಕೆ ಕೇಳಿತು. ಮೆಕಾರ್ಡೆಲ್ ಕೊಟ್ಟಿದ್ದು ಡೆನಿಮ್ಮಿನ ಸುತ್ತು ಡ್ರೆಸ್. ಒಂದು ದೊಡ್ಡ ಹೊರಜೇಬು. ಜೊತೆಗೆ ಬಿಸಿ ಪಾತ್ರೆ ಹಿಡಿಯುವ ದಪ್ಪನೆಯ ಕೈಚೀಲ, ಅದನ್ನೂ ಡ್ರೆಸ್ಸಿಗೇ ಪಟ್ಟಿಯಿಂದ ಕಟ್ಟಿತ್ತು. ಬೆಲೆ 6.95 ಡಾಲರ್. ಕೆಲಸದ ಉಡುಪು ಅಂತ ವರ್ಗೀಕರಿಸಿದ್ದರಿಂದ ಅಷ್ಟು ಕಡಿಮೆಗೆ ಮಾರೋಕೆ ಸಾಧ್ಯವಾಯಿತು. ಮೊದಲ ಸೀಸನ್ನಿನಲ್ಲೇ 75 ಸಾವಿರ ಖರ್ಚಾದವು. ಆಗ ಡೆನಿಮ್ ಅಂದರೆ ಕೂಲಿಕಾರರ, ರೈತರ ಬಟ್ಟೆ. ಅಂಥದೇ ಒರಟು ಕೆಲಸದ ಬಟ್ಟೆಗೆ ಇಂಗ್ಲಿಷಿನಲ್ಲಿ ಇರುವ ಇನ್ನೊಂದು ಹೆಸರು ಡಂಗರಿ. ಅದು ಮುಂಬೈನ ಡೋಂಗ್ರಿಯಿಂದ ಹೋದದ್ದು. ಆ ಜಾತಿಯ ಬಟ್ಟೆಯನ್ನು ಮೆಕಾರ್ಡೆಲ್ ನೆಂಟರೆದುರು ಕೂರುವ ಕೋಣೆಗೆ ತಂದಳು.

ಬೆನ್ನಿನ ಜಿಪ್ ಬಗ್ಗೆ ಆಕೆಗಿದ್ದ ತಕರಾರು ನನಗೆ ತುಂಬಾ ಇಷ್ಟ. ಒಂಟಿಯಾಗಿರುವುದು ನಿನಗೆ ಖುಷಿಯಿರಬಹುದು, ಆದರೆ ಬೆನ್ನ ಹಿಂದಿನ ಜಿಪ್ ಎಳೆಯೋಕೆ ಹೋಗಿ ತೋಳು ತಿರುಚಿಕೊಂಡ ದಿನ ಬೇಜಾರಾಗುತ್ತೆ ಅನ್ನೋದು ಆಕೆಯ ಧಾಟಿ. ಅದಕ್ಕೇ ಜಿಪ್ಪು ಪಕ್ಕಕ್ಕೆ ಬಂತು, ಗುಂಡಿ ಮುಂದಕ್ಕೆ ಬಂತು, ದಾರ ಕೈಗೆ ಸಿಗುವ ಕಡೆ ಬಂತು. ಬೆಂಗಳೂರಿನ ಪೀಜಿಯಲ್ಲಿ, ಒನ್ ಬಿಎಚ್‌ಕೆಯಲ್ಲಿ ಒಬ್ಬರೇ ಇರುವ ಯಾರನ್ನಾದರೂ ಕೇಳಿ. ಟೀಮ್ ಡಿನ್ನರಿಗೆ ಹೊರಟ ಸಂಜೆ ಬೆನ್ನಿನ ಜಿಪ್ ಅರ್ಧಕ್ಕೆ ನಿಂತಿರುತ್ತೆ. ಮೇಲಿಂದ ಒಂದು ಕೈ, ಕೆಳಗಿಂದ ಒಂದು ಕೈ. ಎರಡೂ ಒಂದಕ್ಕೊಂದು ಸಿಗಲ್ಲ. ಕೊನೆಗೆ ಮೇಲೊಂದು ಶ್ರಗ್ ಹಾಕಿಕೊಂಡು, ಕ್ಯಾಬಿನಲ್ಲಿ ಹೋಗಿ, ರೆಸ್ಟೋರೆಂಟಿನ ವಾಶ್‌ರೂಮಿನಲ್ಲಿ ಸಹೋದ್ಯೋಗಿ ಕೈಲಿ ‘ಸ್ವಲ್ಪ ಎಳೀತೀಯಾ ಕಣೇ’ ಅನ್ನಬೇಕು. ಬೆನ್ನಿನ ಜಿಪ್ ಇರುವ ಪ್ರತಿ ಸ್ಕೆಚ್ಚೂ ಹೇಳದೆ ಒಂದು ಮಾತು ಹೇಳುತ್ತಿರುತ್ತೆ: ನಿನ್ನ ಮನೇಲಿ ಇನ್ನೊಬ್ಬರು ಇರಬೇಕು. ಗಂಡ, ಅಮ್ಮ, ತಂಗಿ, ಕೆಲಸದಾಕೆ, ಯಾರಾದರೂ ಸರಿ. ಒಂಟಿ ಹೆಣ್ಣನ್ನು ಆ ಗೆರೆ ಊಹಿಸಿಕೊಂಡಿಲ್ಲ. ಮೆಕಾರ್ಡೆಲ್ ಊಹಿಸಿಕೊಂಡಳು. ಬಿಡಿಬಿಡಿಯಾಗಿ ಕೊಂಡು ಅದಲು ಬದಲು ಮಾಡಿ ತೊಡುವ ಬಟ್ಟೆಗಳು, ಒಂದು ಸೂಟ್‌ಕೇಸಿನಲ್ಲಿ ಹಿಡಿಯುವ ವಾರ್ಡ್‌ರೋಬು ಇವುಗಳ ಬಗ್ಗೆ ಆಕೆ 1930ರ ದಶಕದಿಂದಲೇ ಯೋಚಿಸುತ್ತಿದ್ದಳು.

ಜೇಬಿಗೆ ಬರೋಣ. ಯುರೋಪಿನಲ್ಲೂ ಹೆಂಗಸರಿಗೆ ಜೇಬು ಇರಲೇ ಇಲ್ಲ ಅಂತಲ್ಲ. 17, 18ನೇ ಶತಮಾನಗಳಲ್ಲಿ ಲಂಗದ ಒಳಗೆ ಸೊಂಟಕ್ಕೆ ದಾರದಿಂದ ಕಟ್ಟಿಕೊಳ್ಳುವ ಚೀಲ ಇತ್ತು, ಮೇಲಿನ ಲಂಗದ ಸೀಳಿನಿಂದ ಕೈ ಹಾಕಬಹುದಿತ್ತು. ನಮ್ಮ ಅಜ್ಜಿಯರ ಸಂಚಿಯ ಹತ್ತಿರದ ನೆಂಟ ಅನ್ನಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮೊಮ್ಮಗಳಿಗೆ ಅಂತ ಇಟ್ಟ ನಾಲ್ಕಾಣೆ ಎಲ್ಲ ಇರುತ್ತಿದ್ದ, ಸೊಂಟದಲ್ಲಿ ಸಿಕ್ಕಿಸಿದ ಆ ಬಟ್ಟೆಯ ಸಂಚಿ. ಅದಕ್ಕೆ ಅಜ್ಜಿ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ, ಅದರೊಳಗೆ ಎಷ್ಟಿದೆ ಅಂತ ಅಜ್ಜನಿಗೂ ಗೊತ್ತಿರುತ್ತಿರಲಿಲ್ಲ. ಅಲ್ಲಿ 18ನೇ ಶತಮಾನದ ಕೊನೆಗೆ ತೆಳ್ಳನೆಯ, ಮೈಗಂಟಿದ ಉಡುಪು ಬಂದಾಗ ಒಳಚೀಲ ಉಬ್ಬಿ ಕಾಣುತ್ತೆ ಅಂತ ಹೊರಗೆ ಬಿತ್ತು. ಕೈಯಲ್ಲಿ ಹಿಡಿಯುವ ಪುಟ್ಟ ಪರ್ಸು ಬಂತು. ಸೊಂಟದ ಮೇಲಿದ್ದ ಭಾರ ಕೈಗೆ ಬಂತು, ಒಂದು ಕೈ ಖಾಯಮ್ಮಾಗಿ ಕೆಲಸಕ್ಕೆ ಸಿಗದೆ ಹೋಯಿತು.

ಇಲ್ಲೂ ಅದೇ ವಾದ ಇವತ್ತಿಗೂ ಕೇಳಿಸುತ್ತೆ. ಕುರ್ತಾಕ್ಕೆ ಜೇಬು ಇಡಿ ಅಂದರೆ ನಮ್ಮ ಏರಿಯಾದ ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಟ್ಟುಸಿರು ಬಿಡುತ್ತಾರೆ.

‘ಜೇಬು ಇಟ್ರೆ ಫಾಲ್ ಹೋಗುತ್ತೆ ಮೇಡಂ. ಶೇಪ್ ಬರಲ್ಲ.’

‘ಬರದಿದ್ರೆ ಬೇಡ ಅಣ್ಣ. ಎರಡೂ ಕಡೆ ಇಡಿ.’

‘ಆಮೇಲೆ ನನ್ನ ಕೇಳ್ಬೇಡಿ ಮತ್ತೆ.’

ಆ ಅಣ್ಣ ಡಿಯೋರ್ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಆತ ಮಾತಾಡುತ್ತಿರೋದು ಡಿಯೋರ್‌ನ ಭಾಷೆಯನ್ನೇ. ಶೇಪ್ ಮೊದಲು, ಫೋನು ಎಲ್ಲಿಡ್ತೀಯ ಅನ್ನೋದು ಆಮೇಲೆ. ವಿಚಿತ್ರ ಅಂದರೆ ಜೇಬು ಇಟ್ಟ ಮೇಲೂ ಕುರ್ತಾ ಚೆನ್ನಾಗೇ ಬಂದಿರುತ್ತೆ. ಮೆಕಾರ್ಡೆಲ್ ಕಂಡುಕೊಂಡಿದ್ದೂ ಇಷ್ಟೇ: ಉಬ್ಬು ಕಾಣುತ್ತೆ ಅಂತ ಜೇಬನ್ನು ಬಚ್ಚಿಡುವ ಬದಲು, ಅದನ್ನೇ ದೊಡ್ಡದಾಗಿ ಹೊರಗೆ ಇಟ್ಟು ಚೆಂದ ಮಾಡು.

ಇಷ್ಟು ಹೇಳಿ ಆಕೆಗೆ ಹಾರ ಹಾಕಿ ಎದ್ದುಬಿಡಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ. ಹೆಂಗಸರನ್ನು ಬಿಡುಗಡೆ ಮಾಡಿದ ಡಿಸೈನರ್ ಅಂತ ಬರೆಯೋದು ಸುಲಭ. ನನಗೆ ಆ ಪಾಪೋವರ್‌ನ ಕೈಚೀಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಡ್ರೆಸ್ಸಿಗೆ ಪಟ್ಟಿಯಿಂದ ಕಟ್ಟಿದ ಆ ಅಡುಗೆ ಮನೆಯ ಚೀಲ. ಒಂದು ಕಡೆ ಜೇಬು, ಅಂದರೆ ಕೈಗೆ ರಜೆ. ಇನ್ನೊಂದು ಕಡೆ ಒಲೆಯ ಮೇಲಿನ ಪಾತ್ರೆ, ಅದನ್ನು ಬಿಟ್ಟು ಹೋಗೋಕೆ ಆಗದ ಹಾಗೆ ಪಟ್ಟಿ. ಕೆಲಸದಾಕೆ ಬಿಟ್ಟುಹೋದ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರಬೇಕು ಅನ್ನೋದನ್ನು ಆ ಉಡುಪು ಪ್ರಶ್ನಿಸಲ್ಲ. ಆ ಕೆಲಸ ಅವಳದೇ ಅಂತ ಒಪ್ಪಿಕೊಂಡು, ಅದನ್ನು ಚೆಂದವಾಗಿ ಮಾಡೋಕೆ ಸಹಾಯ ಮಾಡುತ್ತೆ. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಮೀಟಿಂಗಿಗೂ ಒಗ್ಗರಣೆಗೂ ಆಗುವ ಡ್ರೆಸ್ಸುಗಳನ್ನು ನಮಗೂ ಹೊಗಳಿ ಹೊಗಳಿ ಮಾರಿದರಲ್ಲ, ಆ ಕಥೆಯ ಮೊದಲ ಅಧ್ಯಾಯ 1942ರಲ್ಲಿದೆ. ಒಳ್ಳೆಯ ವಿನ್ಯಾಸ ಕೆಟ್ಟ ಏರ್ಪಾಡನ್ನು ಸಹಿಸುವಂತೆ ಮಾಡಿಬಿಡುತ್ತೆ. ಇದು ಮೆಕಾರ್ಡೆಲ್ ಕೆಲಸದಲ್ಲಿರುವ ನಿಜವಾದ ಬಿರುಕು. ಮುಚ್ಚಿಡಬೇಕಿಲ್ಲ. ಹಾಗಂತ ಜೇಬನ್ನು ವಾಪಸ್ ಕೊಡಲೂಬೇಕಿಲ್ಲ.

ಇನ್ನೊಂದು ಮಾತು. ಇಬ್ಬರ ಸ್ಕೆಚ್ಚಿನಲ್ಲೂ ಇಲ್ಲದ ಕೈ ಒಂದಿದೆ: ಹೊಲಿಯುವ ಕೈ. ಡಿಯೋರ್‌ನ ಮನೆಯಲ್ಲಿ ಒಂದೊಂದು ಉಡುಪನ್ನೂ ಗಂಟೆಗಟ್ಟಲೆ ಕೂತು ಕೈಯಲ್ಲಿ ಹೊಲಿಯುತ್ತಿದ್ದ ಹೆಂಗಸರು. ಮೆಕಾರ್ಡೆಲ್ ಕೆಲಸ ಮಾಡುತ್ತಿದ್ದ ಟೌನ್ಲಿ ಕಂಪನಿ ಇದ್ದ ನ್ಯೂಯಾರ್ಕಿನ ಸೆವೆಂತ್ ಅವೆನ್ಯೂವಿನಲ್ಲಿ ಮಿಶಿನ್ ತುಳಿಯುತ್ತಿದ್ದ ಹೆಂಗಸರು. 75 ಸಾವಿರ ಡ್ರೆಸ್ ಅಂದರೆ 75 ಸಾವಿರ ಜೇಬು ಕೂಡಿಸಿದ ಕೈಗಳು. ಪೀಣ್ಯದ ಕಡೆ, ಮೈಸೂರು ರಸ್ತೆಯಲ್ಲಿ ಸಂಜೆ ಶಿಫ್ಟ್ ಬಿಟ್ಟಾಗ ರಸ್ತೆ ತುಂಬುವ ಗಾರ್ಮೆಂಟ್ಸ್ ಹೆಂಗಸರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಕೆಚ್ಚಿನ ಮೂಲೆಯಲ್ಲಿ ಬೀಳುವ ಸಹಿ ಯಾವತ್ತೂ ಒಂದೇ.

ಮೆಕಾರ್ಡೆಲ್ ಸಹಿಗೆ ಬೆಲೆ ಬರೋಕೆ ಕಾಲ ಹಿಡಿಯಿತು. ಅಮೆರಿಕದ ರೆಡಿಮೇಡ್ ಡಿಸೈನರುಗಳು ಹೆಸರಿಲ್ಲದೆ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುವ ಕಾಲದಲ್ಲಿ, 1940ರಲ್ಲಿ ಮತ್ತೆ ಬಾಗಿಲು ತೆರೆದ ಟೌನ್ಲಿ ಕಂಪನಿಯ ಲೇಬಲ್ಲಿನ ಮೇಲೆ ಆಕೆಯ ಹೆಸರು ಬಂತು. 1955ರ ಮೇ ತಿಂಗಳಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂತು. ಮೂರು ವರ್ಷಕ್ಕೆ ಕ್ಯಾನ್ಸರ್ ಆಕೆಯನ್ನು ಕರಕೊಂಡು ಹೋಯಿತು. ಮನೆಯವರು ಲೇಬಲ್ ಮುಚ್ಚಿದರು. ಡಿಯೋರ್ ತೀರಿಕೊಂಡಾಗ ಆತನ ಮನೆಯಲ್ಲಿ 21 ವರ್ಷದ ಈವ್ ಸಾಂ ಲೊರಾಂ ಸಿದ್ಧನಿದ್ದ, ಹಿಂದೆ ಜವಳಿ ಸಾಹುಕಾರನ ದುಡ್ಡಿತ್ತು, ವ್ಯಾಪಾರ ಮುಂದುವರಿಯಿತು. ಒಬ್ಬರ ಹೆಸರು ಉಳಿದು ಇನ್ನೊಬ್ಬರದು ಮರೆಯಾಗಿದ್ದಕ್ಕೆ ಗೆರೆಯ ಗುಣ ಕಾರಣವಲ್ಲ. ಅಂಗಡಿ ತೆರೆದಿತ್ತೋ ಮುಚ್ಚಿತ್ತೋ ಅನ್ನೋದು ಕಾರಣ.

ಹಾಗಿದ್ದರೂ ಮೈಗೆ ಸುತ್ತಿ ಕಟ್ಟುವ ಡ್ರೆಸ್, ಬ್ಯಾಲೆ ಚಪ್ಪಲಿ, ಬಿಡಿಬಿಡಿಯಾಗಿ ಕೊಳ್ಳುವ ಆಫೀಸ್ ಬಟ್ಟೆ, ಡೆನಿಮ್ಮಿನ ಉಡುಪು, ಇವೆಲ್ಲ ನಮ್ಮ ಕಪಾಟಿನಲ್ಲಿ ಆಕೆಯ ಹೆಸರಿಲ್ಲದೆ ಕೂತಿವೆ. ‘ಬಾರ್’ ಸೂಟು ಮ್ಯೂಸಿಯಮ್ಮಿನಲ್ಲಿದೆ. ಅದು ಅಲ್ಲೇ ಚೆಂದ.

ಇನ್ನು ಮುಂದೆ ಇಂಥ ಸ್ಕೆಚ್ ನೋಡುವಾಗ, ಅದು ಪ್ರದರ್ಶನದಲ್ಲಿರಲಿ, ಬಟ್ಟೆ ಆ್ಯಪಿನ ಮೊದಲ ಪುಟದಲ್ಲಿರಲಿ, ಮೂರು ಪ್ರಶ್ನೆ ಕೇಳಿ ನೋಡಿ. ಇವಳ ಕೈ ಎಲ್ಲಿದೆ? ಇದನ್ನು ಇವಳು ಒಬ್ಬಳೇ ತೊಡಬಲ್ಲಳಾ? ಇದನ್ನು ತೊಟ್ಟು ಬಸ್ಸು ಹತ್ತಬಲ್ಲಳಾ? ಮೂರಕ್ಕೂ ಉತ್ತರ ಸಿಕ್ಕರೆ ಗೆರೆ ಚೆನ್ನಾಗಿದೆ ಅಂತ ಆಮೇಲೆ ಹೊಗಳೋಣ. ನಾನು ನೋಡಿದ ಸೈಜ್ ಚಾರ್ಟುಗಳಲ್ಲಿ ಎದೆ ಎಷ್ಟು, ಸೊಂಟ ಎಷ್ಟು, ಉದ್ದ ಎಷ್ಟು ಅಂತ ಅರ್ಧ ಇಂಚಿನ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಜೇಬಿನ ಆಳ ಎಷ್ಟು ಅಂತ ಕೊಡಲ್ಲ. ನನ್ನ ಫೋನು ಆರೂವರೆ ಇಂಚು ಇದೆ.